ದೇಶ ಸಾಲದಲ್ಲಿ ಮುಳುಗಿದಾಗ ರಾಜಕಾರಣಿ ಅಲ್ಲದವರನ್ನು ಯಾಕೆ ಹಣಕಾಸು ಮಂತ್ರಿ ಮಾಡುತ್ತಾರೆ?

ಸಾಲ ಕೊಡುವವರಿಗೆ ನಂಬಿಕೆ ಬರಬೇಕು, ಅದಕ್ಕೆ. ನಮ್ಮ ರಾಯಚೂರು ಗಂಜ್‌ನಲ್ಲಿ ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹತ್ತಿ ದರ ಬಿದ್ದು ದಲಾಲಿ ಅಂಗಡಿ ಮುಗ್ಗರಿಸಿದರೆ ಸಾಹುಕಾರರು ಗಾದಿ ಮೇಲೆ ಅಳಿಯನನ್ನು ಕೂರಿಸುವುದಿಲ್ಲ. ಕೆಂಪು ಬಟ್ಟೆಯ ಖಾತೆ ಪುಸ್ತಕ ಬಿಚ್ಚಿ, ಯಾರಿಗೆ ಎಷ್ಟು ಕೊಡಬೇಕು ಅಂತ ಮುಚ್ಚುಮರೆ ಇಲ್ಲದೆ ಹೇಳುವ ಹಳೇ ಗುಮಾಸ್ತರನ್ನು ಕೂರಿಸುತ್ತಾರೆ. ಅವರ ಮಾತು ನಂಬಿ ರೈತರೂ ನಾಲ್ಕು ದಿನ ತಡೆಯುತ್ತಾರೆ.

1991ರಲ್ಲಿ ಆಗಿದ್ದೂ ಇದೇ. ವಿದೇಶಿ ವಿನಿಮಯ ಎರಡು-ಮೂರು ವಾರದ ಆಮದಿಗೆ ಸಾಲುವಷ್ಟೇ ಇತ್ತು. ನರಸಿಂಹ ರಾವ್ ಮೊದಲು ಕೇಳಿದ್ದು ಐ.ಜಿ. ಪಟೇಲ್ ಅವರನ್ನು. ಅವರು ಒಲ್ಲೆ ಎಂದ ಮೇಲೆ ಮನಮೋಹನ್ ಸಿಂಗ್. ಇಬ್ಬರೂ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರೇ ಅಲ್ವಾ? ಜುಲೈ 1 ಮತ್ತು 3ರಂದು ರೂಪಾಯಿ ಬೆಲೆ ಇಳಿಸಿದರು, 24ಕ್ಕೆ ಬಜೆಟ್ ಮಂಡಿಸಿದರು.

ಆದರೆ ಜಾಣರನ್ನು ಸುಮ್ನೆ ಕೂರಿಸಿದರೆ ಸಾಲದು. ಬೈಗುಳ ಬಂದಾಗ ಬೆನ್ನಿಗೆ ನಿಲ್ಲುವ ಪ್ರಧಾನಿ ಬೇಕು, ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಆ ಬಜೆಟ್‌ನಲ್ಲಿ ಗೊಬ್ಬರದ ಬೆಲೆ ಶೇ. 40 ಏರಿಸಿದಾಗ ಕಾಂಗ್ರೆಸ್ಸಿನವರೇ ತಿರುಗಿಬಿದ್ದರು. ಏರಿಕೆ ಶೇ. 30ಕ್ಕೆ ಇಳಿಯಿತು. ರಾವ್ ಮಾತ್ರ ಸಿಂಗ್ ಅವರ ಕೈ ಬಿಡಲಿಲ್ಲ.