ಬೊಗಳುವ ನಾಯಿಗೆ ಕರೆಂಟ್ ಹೊಡೆಸಬೇಡಿ

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ನಾವು ಆಫೀಸಿಗೆ ಹೊರಟ ಮೇಲೆ ನಮ್ಮ ಎರಡು ವರ್ಷದ ಬೀಗಲ್ ಬೊಗಳುತ್ತಲೇ ಇರುತ್ತದಂತೆ. ಅಕ್ಕಪಕ್ಕದವರು ದೂರು ಕೊಟ್ಟಿದ್ದಾರೆ. ಟ್ರೇನರ್ ಒಬ್ಬರು ಶಾಕ್ ಕೊಡುವ ಕಾಲರ್ ಹಾಕಿ ಅಂದರು. ಹಾಕಬಹುದಾ ಡಾಕ್ಟ್ರೇ?

ಉತ್ತರ: ಬೇಡ. ಆ ಟ್ರೇನರ್ ಸಹವಾಸವನ್ನೂ ಬಿಡಿ. ಈ ಕಾಲರ್ ಬಗ್ಗೆ ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹೆದರಿ ಬೊಗಳುವ ನಾಯಿಯ ಕುತ್ತಿಗೆಗೆ ಕರೆಂಟ್ ಹೊಡೆಸಿದರೆ ಹೆದರಿಕೆ ಜಾಸ್ತಿ ಆಗುತ್ತದೆ, ಅಲ್ವಾ? ಬೊಗಳುವುದು ನಿಂತರೂ ಬಾಗಿಲು ಕೆರೆಯುವುದು, ತನ್ನ ಕಾಲನ್ನೇ ಕಚ್ಚಿಕೊಳ್ಳುವುದು ಶುರುವಾಗಬಹುದು.

ಮನೆಯಲ್ಲಿ ಹಳೇ ಮೊಬೈಲ್ ಇದ್ದರೆ ವಿಡಿಯೊ ಆನ್ ಮಾಡಿಟ್ಟು ಹೊರಡಿ. ಮೊದಲ ಅರ್ಧ ಗಂಟೆಯೇ ಬಹಳಷ್ಟು ಹೇಳುತ್ತದೆ. ಯಾರೋ ಓಡಾಡಿದಾಗ ಬಾಲ್ಕನಿಗೆ ಓಡಿ ಬೊಗಳಿ, ವಾಪಸ್ ಬಂದು ಮಲಗಿದರೆ ಅದು ಕಾವಲು ಕಾಯುತ್ತಿದೆ. ಬಾಲ್ಕನಿ ಬಾಗಿಲು ಹಾಕಿ, ಪರದೆ ಎಳೆಯಿರಿ. ನೀವು ಹೋದ ಕೂಡಲೇ ಬಾಗಿಲ ಮುಂದೆ ಶತಪಥ ಹಾಕಿದರೆ, ಜೊಲ್ಲು ಸುರಿಸಿದರೆ, ಇಷ್ಟದ ತಿಂಡಿಯನ್ನೂ ಮೂಸದಿದ್ದರೆ ಅದಕ್ಕೆ ಒಂಟಿಯಾಗಿರಲು ಭಯ. ಅದು ಹಟವಲ್ಲ, ಸೇಡೂ ಅಲ್ಲ.

ಕೀ ಸದ್ದು ಕೇಳಿದರೇ ಅದಕ್ಕೆ ನಡುಕ ಶುರು. ಹಾಗಾಗಿ ದಿನಕ್ಕೆ ನಾಲ್ಕಾರು ಸಲ ಕೀ ಎತ್ತಿಕೊಂಡು ಸುಮ್ನೆ ಸೋಫಾದಲ್ಲಿ ಕೂತುಬಿಡಿ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ. ಅದು ತಲೆ ಎತ್ತದಂತಾದ ಮೇಲೆ ಬಾಗಿಲಾಚೆ ಐದು ಸೆಕೆಂಡ್ ನಿಂತು ಒಳಗೆ ಬನ್ನಿ. ಆಮೇಲೆ ಹತ್ತು, ಮೂವತ್ತು. ಗಾಬರಿಯಾಗುವ ಮೊದಲೇ ವಾಪಸ್ ಬರಬೇಕು. ಬೊಗಳಿತು ಅಂದರೆ ನೀವು ಅವಸರ ಮಾಡಿದಿರಿ, ಸಮಯ ಇಳಿಸಿ. ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಒಂಟಿ ಬಿಡಬೇಡಿ. ನೆಂಟರ ಮನೆಯೋ, ಸರದಿಯಲ್ಲಿ ಮನೆಯಿಂದಲೇ ಕೆಲಸವೋ, ಏನಾದರೂ ಮಾಡಿ.

ಭಯ ತೀರಾ ಜಾಸ್ತಿ ಇದ್ದರೆ ಪಶುವೈದ್ಯರು ಫ್ಲೂಆಕ್ಸೆಟೀನ್‌ನಂಥ ಮಾತ್ರೆ ಬರೆಯುತ್ತಾರೆ. ಪರಿಣಾಮ ಕಾಣಲು 4ರಿಂದ 6 ವಾರ ಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ. ಮೆಡಿಕಲ್ ಶಾಪಿನವರು ಕೊಟ್ಟ ನಿದ್ದೆ ಮಾತ್ರೆಯನ್ನಂತೂ ಹಾಕಲೇಬೇಡಿ.

ಬೊಗಳುತ್ತದೆ ಎಂದು ನಾಯಿ ಸಾಕುವುದನ್ನೇ ಅಸೋಸಿಯೇಷನ್ ನಿಷೇಧಿಸುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಲ್ಲೇ ಅದಿದೆ. ಹಾಗಂತ ಪಕ್ಕದ ಮನೆಯವರ ಕಷ್ಟ ಸುಳ್ಳಲ್ಲ. ನೀವೇ ಹೋಗಿ ಮಾತಾಡಿ, ಏನು ಮಾಡುತ್ತಿದ್ದೀರಿ ಎಂದು ತಿಳಿಸಿ.

ಪ್ರಶ್ನೆ: ಬೊಗಳದಂತೆ ಬಾಯಿಗೆ ಬಟ್ಟೆ ಕಟ್ಟಬಹುದೇ?

ಉತ್ತರ: ಕೂಡದು. ನಾಯಿ ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳುವುದು. ಬಿಸಿಲಲ್ಲಿ ಬಾಯಿ ಬಿಗಿದರೆ ಸತ್ತೇ ಹೋದೀತು.

ಪ್ರಶ್ನೆ: ನಾಯಿ ಊಳಿಟ್ಟರೆ ಮನೆಗೆ ಕೇಡಂತೆ, ಹೌದಾ?

ಉತ್ತರ: ಸುಳ್ಳು. ಇದನ್ನು ನಂಬಿ ಬೀದಿನಾಯಿಗೆ ಕಲ್ಲು ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: ನಮ್ಮ 12 ವರ್ಷದ ನಾಯಿ ಮಧ್ಯರಾತ್ರಿ ಗೋಡೆ ನೋಡಿ ಬೊಗಳುತ್ತದೆ. ದೃಷ್ಟಿ ತಗುಲಿದೆ ಎಂದು ತಾಯತ ಕಟ್ಟಿಸಿದ್ದೇವೆ.

ಉತ್ತರ: ತಾಯತ ಬಿಚ್ಚಿ. ಕೀಲುನೋವು, ಕಿವುಡು, ಕಣ್ಣಿನ ಪೊರೆ, ಮೆದುಳಿನ ಮುಪ್ಪು, ಯಾವುದು ಬೇಕಾದರೂ ಕಾರಣವಿರಬಹುದು. ರಾತ್ರಿ ಸಣ್ಣ ದೀಪ ಉರಿಯಲಿ, ಅದರ ಹಾಸಿಗೆ ನಿಮ್ಮ ಕೋಣೆಗೆ ಬರಲಿ. ಈ ವಾರವೇ ಪಶುವೈದ್ಯರಿಗೆ ತೋರಿಸಿ.