ಸಿ.ಡಿ. ಬೆಲೆಯಲ್ಲಿ ನಡೆದ ಅನ್ಯಾಯ ನಿಜ; ಆದರೆ ಆ ಫೋಲ್ಡರಿನಲ್ಲಿರುವುದೆಲ್ಲ ನಮ್ಮದಲ್ಲ

ನಮಸ್ಕಾರ. ಹಾಸನದ ಗೆಳೆಯರು ನಿನ್ನೆ ರಾತ್ರಿ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ, ಜೊತೆಗೆ ಒಂದು ಫೋಲ್ಡರಿನ ಕೊಂಡಿಯನ್ನೂ ಹಾಕಿದ್ದಾರೆ. ಅಮೆರಿಕದ ರೆಕಾರ್ಡ್ ಕಂಪನಿಗಳು ಒಟ್ಟಾಗಿ ಸಿ.ಡಿ. ಬೆಲೆಯನ್ನು ಏರಿಸಿಟ್ಟಿದ್ದವೆಂದು ಅಲ್ಲಿನ ಸರ್ಕಾರವೇ ಹೇಳಿದ ಮೇಲೆ, ಆ ಹಾಡುಗಳನ್ನು ದುಡ್ಡು ಕೊಡದೆ ಇಳಿಸಿಕೊಂಡರೆ ತಪ್ಪೇನು ಎಂಬುದು ಪ್ರಶ್ನೆ. ಫೋಲ್ಡರಿನಲ್ಲಿ ನಾನೂರಕ್ಕೂ ಹೆಚ್ಚು ಆಲ್ಬಂಗಳಿವೆ. ಅಮೆರಿಕದ ರಾಕ್ ಮತ್ತು ಜಾಜ್ ಇದೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳಿಂದ ತೆಗೆದ ಹಿಂದೂಸ್ತಾನಿ ಇದೆ, ಭಾವಗೀತೆಗಳಿವೆ. ಮೈಸೂರಿನ ವೀಣಾವಾದಕಿಯೊಬ್ಬರ ಎರಡು ಸಿ.ಡಿ.ಗಳೂ ಇವೆ. ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

1996ರಿಂದ 2004ರವರೆಗೆ ನಾನು ನ್ಯೂಜೆರ್ಸಿಯಲ್ಲಿದ್ದೆ. ಆ ಬೆಲೆಗಳನ್ನು ಕೈಯಾರೆ ತೆತ್ತವನು. ಹಾಗಾಗಿ ಈ ಉತ್ತರ ಉದ್ದವಾಗುತ್ತದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಮೊದಲು ಬೆಲೆಯ ಕತೆ. 1990ರ ದಶಕದ ಆರಂಭದಲ್ಲಿ ಬೆಸ್ಟ್ ಬೈ, ಸರ್ಕಿಟ್ ಸಿಟಿಯಂಥ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಸಿ.ಡಿ.ಯನ್ನು ಹತ್ತು ಡಾಲರಿನ ಆಸುಪಾಸಿಗೆ ಮಾರತೊಡಗಿದವು. ಅದರಲ್ಲಿ ಲಾಭ ಬಾರದಿದ್ದರೂ ಅವುಗಳಿಗೆ ಚಿಂತೆಯಿರಲಿಲ್ಲ. ಸಿ.ಡಿ.ಗೆಂದು ಒಳಗೆ ಬಂದವರು ಟಿ.ವಿ.ಯನ್ನೋ ಸ್ಟೀರಿಯೊವನ್ನೋ ಕೊಂಡು ಹೋಗುತ್ತಿದ್ದರು. ಸಂಗೀತವನ್ನೇ ನಂಬಿದ್ದ ಅಂಗಡಿಗಳು ಕಂಗಾಲಾಗಿ ಕಂಪನಿಗಳ ಮೊರೆ ಹೋದವು. ಆಗ ಮಾರುಕಟ್ಟೆಯ ಸುಮಾರು ಶೇ 85ರಷ್ಟನ್ನು ಕೈಯಲ್ಲಿಟ್ಟುಕೊಂಡಿದ್ದ ಐದು ಕಂಪನಿಗಳು, ಅಂದರೆ ಯೂನಿವರ್ಸಲ್, ಸೋನಿ, ವಾರ್ನರ್, ಬಿಎಂಜಿ ಮತ್ತು ಇಎಂಐ, 'ಕನಿಷ್ಠ ಜಾಹೀರಾತು ಬೆಲೆ' ಎಂಬ ಷರತ್ತನ್ನು 1995–96ರ ಹೊತ್ತಿಗೆ ಬಿಗಿಗೊಳಿಸಿದವು. ಅಂಗಡಿಯ ಜಾಹೀರಾತಿನ ಖರ್ಚಿನಲ್ಲಿ ಕಂಪನಿ ಒಂದು ಪಾಲು ಕೊಡುವ ರೂಢಿ ಅಲ್ಲಿತ್ತು. ನಿಗದಿಗಿಂತ ಕಡಿಮೆ ಬೆಲೆಯನ್ನು ಅಂಗಡಿ ಎಲ್ಲಿ ಸಾರಿದರೂ ಆ ನೆರವು ನಿಂತುಹೋಗುತ್ತಿತ್ತು. ಸ್ವಂತ ದುಡ್ಡಿನ ಜಾಹೀರಾತಾದರೂ ಸರಿಯೆ, ಅಂಗಡಿಯೊಳಗೆ ತೂಗುಹಾಕಿದ ಫಲಕವಾದರೂ ಸರಿಯೆ. ಮಾರುವ ಬೆಲೆಗೆ ನಾವು ಕೈಹಾಕಿಲ್ಲ, ಸಾರುವ ಬೆಲೆಗಷ್ಟೇ ಷರತ್ತು ಎಂಬುದು ಅವರ ಸಮಜಾಯಿಷಿ. ಅಗ್ಗ ಎಂದು ಹೇಳಿಕೊಳ್ಳುವಂತಿಲ್ಲದ ಮೇಲೆ ಯಾವ ವ್ಯಾಪಾರಿ ತಾನೇ ಅಗ್ಗವಾಗಿ ಮಾರುತ್ತಾನೆ?

ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಆಯೋಗ, ಫೆಡರಲ್ ಟ್ರೇಡ್ ಕಮಿಷನ್, 2000ದ ಮೇ ತಿಂಗಳಲ್ಲಿ ಈ ಷರತ್ತನ್ನು ಕೈಬಿಡುವಂತೆ ಐದೂ ಕಂಪನಿಗಳನ್ನು ಒಪ್ಪಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಗ್ರಾಹಕರು 48 ಕೋಟಿ ಡಾಲರಿನಷ್ಟು ಹೆಚ್ಚುವರಿ ಹಣ ತೆತ್ತಿರಬಹುದೆಂದು ಅದರ ಅಂದಾಜು. ಇಲ್ಲಿ ಒಂದು ತಿದ್ದುಪಡಿ. ಐವರೂ ಒಂದೇ ಕೋಣೆಯಲ್ಲಿ ಕುಳಿತು ಬೆಲೆ ಗೊತ್ತುಮಾಡಿದರೆಂದು ಆ ಆಯೋಗ ಹೇಳಲಿಲ್ಲ. ಐವರ ಷರತ್ತುಗಳೂ ಒಂದೇ ಅಚ್ಚಿನವು, ಅವುಗಳಿಂದಾಗಿ ಬೆಲೆಯ ಪೈಪೋಟಿಯೇ ಸತ್ತಿತು ಎಂದಿತು. ಒಳಸಂಚಿನ ಆರೋಪ ಹೊರಿಸಿ ನ್ಯಾಯಾಲಯಕ್ಕೆ ಹೋದದ್ದು ರಾಜ್ಯ ಸರ್ಕಾರಗಳು. 2002ರ ಸೆಪ್ಟೆಂಬರಿನಲ್ಲಿ ಆ ದಾವೆ ರಾಜಿಯಾಯಿತು. ಕಂಪನಿಗಳೂ ಮೂರು ದೊಡ್ಡ ಅಂಗಡಿ ಸರಪಳಿಗಳೂ ಸೇರಿ ಸುಮಾರು 6 ಕೋಟಿ 74 ಲಕ್ಷ ಡಾಲರ್ ನಗದು ಮತ್ತು 7 ಕೋಟಿ 57 ಲಕ್ಷ ಡಾಲರ್ ಮೌಲ್ಯದ ಸಿ.ಡಿ.ಗಳನ್ನು ಕೊಡಲು ಒಪ್ಪಿದವು. ತಪ್ಪು ಮಾಡಿದ್ದೇವೆಂದು ಮಾತ್ರ ಯಾರೂ ಒಪ್ಪಲಿಲ್ಲ. ಸುಮಾರು 35 ಲಕ್ಷ ಜನ ಅರ್ಜಿ ಹಾಕಿದ್ದೆವು. 2004ರಲ್ಲಿ ನನ್ನ ಮನೆಗೂ ಚೆಕ್ ಬಂತು: 13 ಡಾಲರ್ 86 ಸೆಂಟ್. ಎಂಟು ವರ್ಷ ವಾರಕ್ಕೊಂದರಂತೆ ಸಿ.ಡಿ. ಕೊಂಡವನಿಗೂ ಅಷ್ಟೇ, ಒಂದೇ ಒಂದು ಕೊಂಡವನಿಗೂ ಅಷ್ಟೇ. ಗ್ರಂಥಾಲಯ ಮತ್ತು ಶಾಲೆಗಳಿಗೆ ಹಂಚಿದ ಸಿ.ಡಿ.ಗಳಲ್ಲಿ ಮಾರಾಟವಾಗದೆ ಉಳಿದವು ಎಷ್ಟೋ ಇದ್ದವು, ಒಂದೇ ಸಿ.ಡಿ.ಯ ನೂರಾರು ಪ್ರತಿಗಳು ಬಂದವೆಂದು ಗ್ರಂಥಪಾಲಕರು ತಲೆ ಚಚ್ಚಿಕೊಂಡರು.

ಇನ್ನೊಂದು ಅನ್ಯಾಯವನ್ನು ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡದು. ಒಂದು ಹಾಡನ್ನು ಮೂರು ನಾಲ್ಕು ಡಾಲರಿಗೆ 'ಸಿಂಗಲ್' ಎಂದು ಕೊಳ್ಳುವ ಪದ್ಧತಿಯನ್ನು ಕಂಪನಿಗಳು 1990ರ ದಶಕದ ಕೊನೆಯಲ್ಲಿ ಬೇಕೆಂದೇ ಕಿರಿದಾಗಿಸಿದವು. ರೇಡಿಯೊದಲ್ಲಿ ಹಾಡು ಹಗಲೂ ರಾತ್ರಿ ಬರುತ್ತದೆ, ಅಂಗಡಿಯಲ್ಲಿ ಮಾತ್ರ ಆ ಹಾಡು ಬಿಡಿಯಾಗಿ ಸಿಗುವುದಿಲ್ಲ. ಬೇಕಿದ್ದರೆ 17 ಡಾಲರ್ ಕೊಟ್ಟು ಪೂರ್ತಿ ಆಲ್ಬಂ ಕೊಳ್ಳಬೇಕು. ಬಿಲ್‌ಬೋರ್ಡ್ ಪತ್ರಿಕೆಯೇ 1998ರ ಡಿಸೆಂಬರಿನಲ್ಲಿ ನಿಯಮ ಬದಲಿಸಿ, ಸಿಂಗಲ್ ಆಗಿ ಮಾರಾಟಕ್ಕೆ ಬಾರದ ಹಾಡುಗಳನ್ನೂ ತನ್ನ ಜನಪ್ರಿಯ ಹಾಡುಗಳ ಪಟ್ಟಿಗೆ ಸೇರಿಸಿಕೊಳ್ಳಬೇಕಾಯಿತು. ಒಂದು ಲಿಂಬೆಹಣ್ಣು ಕೇಳಿದವನಿಗೆ ಮೂಟೆಯನ್ನೇ ಹೊರಿಸಿದ ವ್ಯಾಪಾರ ಅದು. 1999ರ ಜೂನಿನಲ್ಲಿ ಬಂದ, ಅಂತರಜಾಲದಲ್ಲಿ ತಮ್ಮತಮ್ಮ ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳಲು ಬಿಡುತ್ತಿದ್ದ ನ್ಯಾಪ್‌ಸ್ಟರ್ ಜನರಿಗೆ ಕೊಟ್ಟದ್ದು ಆ ಒಂದು ಲಿಂಬೆಹಣ್ಣನ್ನು. ನಾನೂ ಅದನ್ನು ಬಳಸಿದೆ. 2001ರ ಜುಲೈನಲ್ಲಿ ಅದು ಮುಚ್ಚುವವರೆಗೆ ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಇಳಿಸಿಕೊಂಡಿದ್ದೆ. ನಿಮ್ಮ ವಾದವೇ ಆಗ ನನ್ನ ಬಾಯಲ್ಲಿತ್ತು. ಆದ್ದರಿಂದ ನಿಮ್ಮನ್ನು ಕಳ್ಳರೆಂದು ಕರೆಯಲು ನನಗೆ ಮನಸ್ಸಿಲ್ಲ.

ಆ ವಾದ ನನ್ನೊಳಗೆ ಮುರಿದದ್ದು ಕಲಾವಿದರ ಲೆಕ್ಕವನ್ನು ತಿಳಿದ ಮೇಲೆ. ಅಮೆರಿಕದ ಒಪ್ಪಂದಗಳಲ್ಲಿ ಹಾಡುಗಾರರಿಗೆ ಕೊಡುವ ಮುಂಗಡ, ಸ್ಟುಡಿಯೊ ಖರ್ಚು, ವಿಡಿಯೊ ಖರ್ಚಿನ ಒಂದು ಭಾಗ ಎಲ್ಲವೂ ಅವರ ಹೆಸರಿನಲ್ಲಿ ಸಾಲವಾಗಿ ನಿಲ್ಲುತ್ತವೆ. ಮಾರಾಟದಲ್ಲಿ ಅವರಿಗೆ ಬರಬೇಕಾದ ಪಾಲಿನಿಂದಲೇ, ಅಂದರೆ ರಾಯಲ್ಟಿಯಿಂದಲೇ, ಆ ಸಾಲ ತೀರಬೇಕು. ಅದರ ಮೇಲೆ ಪೊಟ್ಟಣದ ಖರ್ಚೆಂದು ಶೇ 25ರಷ್ಟು ಕಡಿತ. ಸಿ.ಡಿ. ಹೊಸತಾಗಿ ಬಂದಾಗ 'ಹೊಸ ತಂತ್ರಜ್ಞಾನ' ಎಂದು ಇನ್ನಷ್ಟು ಕಡಿತ. ಟಿಎಲ್‌ಸಿ ಎಂಬ ಮೂವರು ಹೆಣ್ಣುಮಕ್ಕಳ ತಂಡ ದೇಶದ ತುಂಬ ಹೆಸರು ಮಾಡಿ, ಲಕ್ಷಗಟ್ಟಲೆ ಆಲ್ಬಂ ಮಾರುತ್ತಿದ್ದಾಗಲೇ, 1995ರಲ್ಲಿ ದಿವಾಳಿ ಅರ್ಜಿ ಹಾಕಿತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಹಾಡುಗಾರನಿಗೆ ಹೇಗೂ ಏನೂ ಸಿಗುವುದಿಲ್ಲ, ನಾನು ದುಡ್ಡು ಕೊಡದಿದ್ದರೆ ನಷ್ಟ ಕಂಪನಿಗೆ ಮಾತ್ರ. ಈ ಮಾತು ಸುಳ್ಳು. ಹಾಡು ಬರೆದವರಿಗೆ ಮತ್ತು ರಾಗ ಸಂಯೋಜಿಸಿದವರಿಗೆ ಬೇರೆಯದೇ ಆದ ಒಂದು ರಾಯಲ್ಟಿ ಇದೆ. ಅದನ್ನು ಸಾಮಾನ್ಯವಾಗಿ ಈ ಸಾಲಕ್ಕೆ ಹಿಡಿದುಕೊಳ್ಳುವಂತಿಲ್ಲ. ಮೊದಲ ಪ್ರತಿಯಿಂದಲೇ ಅದು ಸಲ್ಲಬೇಕು. 2000ದಲ್ಲಿ ಶಾಸನದ ದರ ಒಂದು ಹಾಡಿಗೆ, ಒಂದು ಪ್ರತಿಗೆ ಏಳೂವರೆ ಸೆಂಟಿನಷ್ಟಿತ್ತು. ಕಂಪನಿಗಳು ತಮ್ಮ ಕಲಾವಿದರಿಂದ ಅದರ ಮುಕ್ಕಾಲು ಪಾಲಿಗೇ ಒಪ್ಪಿಗೆ ಬರೆಸಿಕೊಳ್ಳುತ್ತಿದ್ದವೆನ್ನಿ. ಹಾಗಿದ್ದರೂ ಹತ್ತು ಹಾಡಿನ ಸಿ.ಡಿ.ಯೊಂದರಲ್ಲಿ ಅರ್ಧ ಡಾಲರಿಗೂ ಮೀರಿದ ಮೊತ್ತ ಬರೆದವರಿಗೂ ಅವರ ಪ್ರಕಾಶಕರಿಗೂ ಸೇರಿ ಹೋಗುತ್ತಿತ್ತು. ನಾನು ಇಳಿಸಿಕೊಂಡ ಇನ್ನೂರು ಹಾಡುಗಳಲ್ಲಿ ಆ ಚಿಲ್ಲರೆ ಯಾರಿಗೂ ಹೋಗಲಿಲ್ಲ. ಕಂಪನಿ ನನಗೆ ಮಾಡಿದ ಅನ್ಯಾಯದ ಬಾಕಿಯನ್ನು ನಾನು ವಸೂಲು ಮಾಡಿದ್ದು ಕಂಪನಿಯಿಂದಲೇ ಮೋಸಹೋದ ಇನ್ನೊಬ್ಬರಿಂದ.

ಬೆಲೆ ಇಳಿದದ್ದು ಹೀಗೆ ಹಾಡು ಇಳಿಸಿಕೊಳ್ಳುವವರ ಒತ್ತಡದಿಂದಲೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಬಹುಮಟ್ಟಿಗೆ ಹೌದು. 2003ರ ಏಪ್ರಿಲಿನಲ್ಲಿ ಆಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ ಒಂದು ಹಾಡಿಗೆ 99 ಸೆಂಟಿನಂತೆ ಮಾರಾಟ ಶುರುಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಯೂನಿವರ್ಸಲ್ ತನ್ನ ಬಹುಪಾಲು ಸಿ.ಡಿ.ಗಳ ಮುಖಬೆಲೆಯನ್ನು 12 ಡಾಲರ್ 98 ಸೆಂಟಿಗೆ ಇಳಿಸುವುದಾಗಿ ಸಾರಿತು. ಅಷ್ಟು ಕಾಲ ಇಳಿಸಲಾಗದ್ದು ಆಗ ಹೇಗೆ ಇಳಿಯಿತು ಎಂದು ಕೇಳುವ ಹಕ್ಕು ನಮಗಿದೆ. ಅದೇ ತಿಂಗಳು ರೆಕಾರ್ಡ್ ಕಂಪನಿಗಳ ಸಂಘ 261 ಸಾಮಾನ್ಯ ಜನರ ಮೇಲೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಇದ್ದಳು. ಮಿನೆಸೋಟದ ತಾಯಿಯೊಬ್ಬಳಿಗೆ 24 ಹಾಡುಗಳಿಗಾಗಿ ಕೊನೆಗೆ ಬಿದ್ದ ದಂಡ 2,22,000 ಡಾಲರ್. ಕೋಟಿಗಟ್ಟಲೆ ಗ್ರಾಹಕರಿಂದ ಹೆಚ್ಚುವರಿ ಹಣ ಎತ್ತಿದವರು ತಲೆಗೆ 13 ಡಾಲರ್ ಕೊಟ್ಟು ಕೈತೊಳೆದುಕೊಂಡರು. 24 ಹಾಡು ಹಂಚಿದವಳು ಜನ್ಮಪೂರ್ತಿ ದುಡಿದರೂ ತೀರದ ಸಾಲ ಹೊತ್ತಳು. ಇದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆದರೆ ಈ ಉರಿಯೆಲ್ಲ ಆ ಐದು ಕಂಪನಿಗಳ ಮೇಲಿನದು. ಅದನ್ನು ಹೊತ್ತುಕೊಂಡು ಬಂದು ಬೇರೆ ಯಾರದೋ ಸಂಗೀತದ ಮೇಲೆ ಸುರಿಯಲಾಗದು.

ಈಗ ನಿಮ್ಮ ಫೋಲ್ಡರಿಗೆ ಬರೋಣ.

ಹಳೆಯ ತಟ್ಟೆಗಳ ವಿಷಯದಲ್ಲಿ ನಿಶ್ಚಿಂತೆಯಾಗಿರಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ತಟ್ಟೆ 2021ರ ಜನವರಿ 1ರಂದು ಎಲ್ಲರ ಸ್ವತ್ತಾಯಿತು. ಕೊನೆಯ ದಿನಗಳಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲಿಯೇ ತೀರಿಕೊಂಡ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ತಟ್ಟೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು. ದಾಸರ ಪದ, ವಚನ, ಹಿಂದೂಸ್ತಾನಿ ಗಾಯನದ ಸಾಂಪ್ರದಾಯಿಕ ಬಂದಿಶ್‌ಗಳಾದರೆ ಬೇರೆ ತೊಡಕೂ ಇಲ್ಲ. ಚಲನಚಿತ್ರಗೀತೆ ಮತ್ತು ಕವಿತೆಗಳಲ್ಲಿ ಮಾತ್ರ ಎಚ್ಚರ ಬೇಕು. ಧ್ವನಿಮುದ್ರಣದ ಹಕ್ಕು ತೀರಿದ್ದರೂ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಅವುಗಳ ಕರ್ತೃ ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಅವರ ವಾರಸುದಾರರದು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ 'ನಿತ್ಯೋತ್ಸವ' ಬಂದದ್ದು 1978ರಲ್ಲಿ, ಅಂದರೆ ಆ ಮುದ್ರಣವೂ 2038 ಮುಗಿಯುವವರೆಗೆ ಬಿಡುಗಡೆಯಾಗುವುದಿಲ್ಲ. ಭಾವಗೀತೆಗಳ ಕಡತವನ್ನು ಪೂರ್ತಿ ತೆಗೆಯಿರಿ.

ಅಮೆರಿಕದ ರಾಕ್ ಮತ್ತು ಜಾಜ್ ಆಲ್ಬಂಗಳಲ್ಲಿ ಹೆಚ್ಚಿನವು ಇಂದು ಆ್ಯಪ್‌ಗಳಲ್ಲಿ ಪುಕ್ಕಟೆಯಾಗಿಯೇ ಕೇಳಲು ಸಿಗುತ್ತವೆ. ಹದಿನೇಳು ಡಾಲರಿನ ಸಿಟ್ಟಿಗೆ ಇಂದು ನೆಲೆಯೇ ಇಲ್ಲ. ಅವನ್ನೂ ತೆಗೆಯಿರಿ. ನೀವೇ ದುಡ್ಡು ಕೊಟ್ಟು ಕೊಂಡ ಸಿ.ಡಿ.ಯಿಂದ ನಿಮ್ಮ ಕಂಪ್ಯೂಟರಿಗೆ ಹಾಡು ಇಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ತಪ್ಪಲ್ಲ; ಅದನ್ನು ಒಂಬೈನೂರು ಜನರ ಗುಂಪಿಗೆ ಹಂಚುವುದು ಬೇರೆ ಮಾತು. ಅದರಲ್ಲಿ ಗುಂಪಿನ ನಿರ್ವಾಹಕರೂ ಸಿಕ್ಕಿಹಾಕಿಕೊಳ್ಳಬಹುದು.

ಕಷ್ಟದ ಪ್ರಶ್ನೆ ಎಂದರೆ ಹೊಸ ಪ್ರತಿ ಎಲ್ಲಿಯೂ ಮಾರಾಟಕ್ಕಿಲ್ಲದ, ಕಂಪನಿಯೇ ಮರೆತುಬಿಟ್ಟಿರುವ 1970–80ರ ದಶಕದ ಎಲ್.ಪಿ. ಮತ್ತು ಕ್ಯಾಸೆಟ್‌ಗಳದು. ಕಾನೂನು ಇಲ್ಲಿಯೂ ಬೇಡವೆನ್ನುತ್ತದೆ. ಆದರೆ ಬೂಷ್ಟು ಹಿಡಿದ ಕ್ಯಾಸೆಟ್ ನಾಲ್ಕು ಮಳೆಗಾಲ ಕಳೆದರೆ ಉಳಿಯುವುದಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತು. ಇವನ್ನು ತಪ್ಪದೆ ಡಿಜಿಟಲ್ ಮಾಡಿಟ್ಟುಕೊಳ್ಳಿ, ಸಾರ್ವಜನಿಕವಾಗಿ ಹಂಚಬೇಡಿ. ಕಲಾವಿದರೋ ಅವರ ಮಕ್ಕಳೋ ಇದ್ದರೆ ಅವರಿಗೊಂದು ಪ್ರತಿ ತಲುಪಿಸಿ. ಹೀಗೆ ಕೊಟ್ಟಾಗ ಹಂಚಲು ಅವರೇ ಒಪ್ಪಿಗೆ ಬರೆದುಕೊಟ್ಟ ಪ್ರಸಂಗ ನನ್ನ ಅನುಭವದಲ್ಲಿ ಎರಡಿವೆ. ಕಂಪನಿಯ ಹಕ್ಕು ಬೇರೆ ಇರಬಹುದು, ಅದನ್ನೂ ವಿಚಾರಿಸಬೇಕು.

ಇನ್ನು ಆ ವೀಣೆಯ ಸಿ.ಡಿ.ಗಳು. ಆ ಕಲಾವಿದೆ ಅವನ್ನು ಸ್ವಂತ ದುಡ್ಡಿನಿಂದ ಮಾಡಿಸಿದವರು. ಸ್ಟುಡಿಯೊ ಬಾಡಿಗೆ, ಮೃದಂಗ ಮತ್ತು ಘಟದವರ ಸಂಭಾವನೆ, ಮುದ್ರಣ ಎಲ್ಲವೂ ಅವರದೇ. ಅವರ ಹಿಂದೆ ಕಂಪನಿಯೇ ಇಲ್ಲ. ಕಳೆದ ವರ್ಷ ಕಛೇರಿ ಮುಗಿದ ಮೇಲೆ ಸಭಾಂಗಣದ ಬಾಗಿಲ ಬಳಿ ಪುಟ್ಟ ಮೇಜಿನ ಮೇಲೆ ಇಟ್ಟುಕೊಂಡು ಒಂದಕ್ಕೆ 150 ರೂಪಾಯಿಯಂತೆ ಮಾರುತ್ತಿದ್ದರು. ನನ್ನ ಮುಂದೆ ನಿಂತಿದ್ದ ಒಬ್ಬರು ಸಿ.ಡಿ.ಯನ್ನು ಕೈಗೆತ್ತಿಕೊಂಡು ನೋಡಿ, 'ನನ್ನ ಮೊಬೈಲಿನಲ್ಲಿ ಇದು ಆಗಲೇ ಇದೆ ಅಮ್ಮ, ಬಹಳ ಚೆನ್ನಾಗಿದೆ' ಎಂದು ಮೆಚ್ಚುಗೆಯಿಂದಲೇ ಹೇಳಿ ಹೊರಟುಹೋದರು. ಅಮ್ಮ ಕೈಮುಗಿದು ನಕ್ಕರು. ಆ ಐದು ಕಂಪನಿಗಳ ಲೆಕ್ಕವನ್ನು ಈ ಮೇಜಿನ ಮುಂದೆ ನಿಂತು ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಆ ಎರಡು ಕಡತಗಳನ್ನು ಉಳಿದೆಲ್ಲಕ್ಕಿಂತ ಮೊದಲು, ಇಂದೇ ತೆಗೆದುಹಾಕಿ. ಸಿ.ಡಿ. ಬೇಕಾದವರು ನನಗೆ ತಿಳಿಸಿ, ಅವರನ್ನು ಕೇಳಿ ತರಿಸಿಕೊಡುತ್ತೇನೆ. ಡಿಜಿಟಲ್ ಪ್ರತಿಯನ್ನೇ ಮಾರಲು ಬಯಸುವ ಕಲಾವಿದರಿಗೆ ಬ್ಯಾಂಡ್‌ಕ್ಯಾಂಪ್ ಎಂಬ ತಾಣವಿದೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಶೇ 15. ಹಣ ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೇ ಹೋಗುತ್ತದೆ. ಅವರಿಗೆ ಅದನ್ನು ತೆರೆದುಕೊಡಲು ನಮ್ಮ ಗುಂಪಿನ ಹುಡುಗರು ಯಾರಾದರೂ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಬಹಳ ಉಪಕಾರವಾಗುತ್ತದೆ.

ಕೊನೆಗೆ, ನಿಮ್ಮ 78ರ ತಟ್ಟೆಗಳ ಬಗ್ಗೆ. ಕೇಳಿ ನೋಡಿದೆ, ಎಲ್.ಪಿ. ಸೂಜಿಯಿಂದ ತೆಗೆದಂತಿದೆ, ಗರಗರ ಸದ್ದು ಹೆಚ್ಚಾಗಿದೆ. ಆ ತಟ್ಟೆಗಳ ಗೀರು ಅಗಲ; ಸುಮಾರು 75 ಮೈಕ್ರಾನಿನ ಸೂಜಿ ಬೇಕು. ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕುವ ಮೊದಲು ಕಚ್ಚಾ ಪ್ರತಿಯೊಂದನ್ನು 24 ಬಿಟ್‌ನಲ್ಲಿ ಹಾಗೆಯೇ ಉಳಿಸಿಕೊಳ್ಳಿ. 1900ರ ದಶಕದ ತಟ್ಟೆಗಳ ವೇಗ ಸರಿಯಾಗಿ 78 ಇರುವುದಿಲ್ಲ. ಶ್ರುತಿ ಏರಿದಂತೆ ಕೇಳಿದರೆ ವೇಗ ತಗ್ಗಿಸಿ ನೋಡಿ. ನನ್ನ ಬಳಿ ಎರಡು ಸೂಜಿಗಳಿವೆ. ಮೈಸೂರಿಗೆ ಬರುವಾಗ ತಟ್ಟೆಗಳನ್ನು ತನ್ನಿ, ನಮ್ಮ ಮನೆಯಲ್ಲೇ ಕುಳಿತು ಮತ್ತೊಮ್ಮೆ ತೆಗೆಯೋಣ.