ಕಿಟಕಿ ಬೆಳಕಿನ ಭಾವಚಿತ್ರಕ್ಕೆ ರಿಫ್ಲೆಕ್ಟರಿನ ಯಾವ ಬದಿ ಸೂಕ್ತ?

ಕಿಟಕಿಯ ಪಕ್ಕದಲ್ಲಿ ಕೂರಿಸಿ ಭಾವಚಿತ್ರ ತೆಗೆಯುವಾಗ ಮುಖದ ಅರ್ಧ ಭಾಗ ಕಪ್ಪಾಗುತ್ತದೆ, ರಿಫ್ಲೆಕ್ಟರಿನ (ಬೆಳಕನ್ನು ಮುಖದತ್ತ ಹಿಂದಿರುಗಿಸಲು ಹಿಡಿಯುವ, ಬೇರೆ ಬೇರೆ ಬಣ್ಣದ ಬದಿಗಳಿರುವ ಬಟ್ಟೆಯ ಫಲಕ) ಬೆಳ್ಳಿಯ ಬದಿ ಹಿಡಿದರೆ ಕಣ್ಣು ಕೋರೈಸುತ್ತದೆ, ಬಿಳಿಯ ಬದಿಯಿಂದ ಏನೂ ಪ್ರಯೋಜನವಾಗುತ್ತಿಲ್ಲ ಎಂದು ಬರೆದಿದ್ದೀರಿ. ಬಿಳಿಯ ಬದಿಯನ್ನು ಕೈಬಿಡಬೇಡಿ. ಅದನ್ನು ಇನ್ನೂ ಹತ್ತಿರಕ್ಕೆ ತನ್ನಿ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಎರಡು ಮೀಟರ್ ದೂರದಲ್ಲಿ ಅದರ ಪರಿಣಾಮ ಕಾಣುವುದೇ ಕಷ್ಟ. ಅದೇ ಬಟ್ಟೆಯನ್ನು ಚಿತ್ರದ ಚೌಕಟ್ಟಿನೊಳಗೆ ಬಾರದಂತೆ ಅರ್ಧ ಮೀಟರಿನಷ್ಟು ಹತ್ತಿರ ಹಿಡಿದರೆ ಕೆನ್ನೆಯ ನೆರಳು ಮೆದುವಾಗಿ ತಿಳಿಯಾಗುತ್ತದೆ.

ಬಹಳ ಮಂದಿ ತಪ್ಪುವುದು ಹಿಡಿಯುವ ಜಾಗದಲ್ಲಿ. ಕಿಟಕಿಗೆ ನೇರ ಎದುರಾಗಿ, ವ್ಯಕ್ತಿಯ ಮಗ್ಗುಲಿಗೇ ರಿಫ್ಲೆಕ್ಟರನ್ನು ನಿಲ್ಲಿಸಿದರೆ ಆ ವ್ಯಕ್ತಿಯ ನೆರಳೇ ಅದರ ಮೇಲೆ ಬೀಳುತ್ತದೆ. ಬೆಳಕೇ ತಲುಪದ ಬಟ್ಟೆ ಏನನ್ನು ತಾನೇ ಹಿಂದಿರುಗಿಸೀತು? ನಾನೂ ಮೊದಮೊದಲು ಹೀಗೆಯೇ ಹಿಡಿದು, ದೋಷವೆಲ್ಲ ಬಟ್ಟೆಯದೆಂದು ನಂಬಿದ್ದೆ. ಅದನ್ನು ಕ್ಯಾಮೆರಾದ ಕಡೆಗೆ ಸ್ವಲ್ಪ ಮುಂದೆ ತಂದು, ನಿಧಾನವಾಗಿ ಓರೆ ಮಾಡುತ್ತಾ, ಕ್ಯಾಮೆರಾ ಪರದೆಯನ್ನು ನೋಡದೆ ಮೂಗಿನ ಪಕ್ಕದ ನೆರಳನ್ನೇ ಗಮನಿಸಿ. ಒಂದು ಕೋನದಲ್ಲಿ ಆ ನೆರಳು ತಟ್ಟನೆ ತೆಳುವಾಗಿ, ಕಿಟಕಿಯಿಂದ ದೂರವಿರುವ ಕಣ್ಣಿನಲ್ಲಿ ಸಣ್ಣದೊಂದು ಬಿಳಿಯ ಹೊಳಪು ಮೂಡುತ್ತದೆ. ಆ ಹೊಳಪು ಕಂಡಲ್ಲಿ ಕೈ ನಿಲ್ಲಿಸಿ. ಮಡಿಲಿನಷ್ಟು ಕೆಳಗಿನಿಂದ ಹಿಡಿದರೆ ಬೆಳಕು ಗಲ್ಲದ ಅಡಿಯಿಂದ ಮೇಲಕ್ಕೆ ಹರಿದು ಮುಖ ವಿಕಾರವಾಗಿ ಕಾಣುವುದರಿಂದ, ಎತ್ತರವನ್ನು ಮುಖದ ಮಟ್ಟಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಳ್ಳಿಯ ಬದಿ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಮೋಡ ಕವಿದ ದಿನ ಅಥವಾ ದೂರದಿಂದ ಹಿಡಿಯಬೇಕಾದಾಗ ಅದು ಬೇಕು. ಚಿನ್ನದ ಬದಿಯನ್ನು ಕಿಟಕಿ ಬೆಳಕಿಗೆ ನಾನು ಬಳಸುವುದಿಲ್ಲ, ಏಕೆಂದರೆ ತಣ್ಣನೆಯ ನೀಲಿ ಛಾಯೆಯ ಹಗಲು ಬೆಳಕಿನ ಪಕ್ಕದಲ್ಲಿ ಆ ಹಳದಿ ಬೇರೆಯಾಗಿಯೇ ಎದ್ದು ಕಾಣುತ್ತದೆ.

ಕಪ್ಪು ಬದಿಯನ್ನು ಮಾತ್ರ ದಯವಿಟ್ಟು ಮೂಲೆಗೆಸೆಯಬೇಡಿ. ಸುತ್ತ ಬಿಳಿ ಗೋಡೆಗಳಿರುವ ಕೋಣೆಯಲ್ಲಿ ಬೆಳಕು ಎಲ್ಲೆಡೆಯಿಂದ ಪುಟಿದು ಬಂದು ಮುಖ ಚಪ್ಪಟೆಯಾದಾಗ, ನೆರಳಿನ ಬದಿಗೆ ಈ ಕಪ್ಪು ಬಟ್ಟೆಯನ್ನು ಹತ್ತಿರ ಹಿಡಿದರೆ ಅದು ಗೋಡೆಯಿಂದ ಬರುವ ಬೆಳಕನ್ನು ತಡೆಯುತ್ತದೆ, ದವಡೆಯ ಗೆರೆ ಮತ್ತೆ ಸ್ಪಷ್ಟವಾಗುತ್ತದೆ. ಬೆಳಕನ್ನು ಸೇರಿಸುವುದಕ್ಕಿಂತ ಹೀಗೆ ಕಳೆಯುವುದರಿಂದಲೇ ನನಗೆ ಹೆಚ್ಚು ಚಿತ್ರಗಳು ದಕ್ಕಿವೆ.